ಕಾರು ಸ್ಟಾರ್ಟ್ ಆಗದಿರುವುದು

ಕೀಲಿ ತಿರುಗಿಸಿದರೂ, ಗುಂಡಿ ಒತ್ತಿದರೂ ಎಂಜಿನ್ ಚಾಲೂ ಆಗದ ಸ್ಥಿತಿ. ಮೆಕ್ಯಾನಿಕ್ ಮೊದಲು ಗಮನಿಸುವುದು ಸ್ಟಾರ್ಟರ್ ಮೋಟರು ಎಂಜಿನ್ನನ್ನು ತಿರುಗಿಸುತ್ತಿದೆಯೇ ಎಂಬುದನ್ನು.

ತಿರುಗಿಸದಿದ್ದರೆ ಅನುಮಾನ ಬ್ಯಾಟರಿಯ ಮೇಲೆ. ಪೂರ್ತಿ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿ, ಎಂಜಿನ್ ನಿಂತಿರುವಾಗ, ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿಳಿದರೆ ಬಹುತೇಕ ಖಾಲಿಯೆಂದೇ ಲೆಕ್ಕ. ಬಿಡದೆ ಕಟಕಟ ಸದ್ದು ಬಂದು ದೀಪಗಳು ಮಂಕಾಗುವುದು ಇದರ ಲಕ್ಷಣ. ದೀಪ ಪ್ರಖರವಾಗಿಯೇ ಇದ್ದು ಒಮ್ಮೆ ಮಾತ್ರ ‘ಟಕ್’ ಎಂದರೆ ಸ್ಟಾರ್ಟರನ್ನೋ ಅದರ ಸೊಲೆನಾಯ್ಡನ್ನೋ ಪರೀಕ್ಷಿಸಬೇಕು. ಅದಕ್ಕೂ ಮೊದಲು ಟರ್ಮಿನಲ್‌ಗೆ ಕಟ್ಟಿದ ಕಿಲುಬನ್ನು ಉಜ್ಜಿ ತೆಗೆಯುವುದು ಲೇಸು. ಕಿಲುಬಿನ ತಪ್ಪಿಗೆ ಒಳ್ಳೆಯ ಬ್ಯಾಟರಿ ಗುಜರಿ ಸೇರುವುದುಂಟು. ಆಟೊಮ್ಯಾಟಿಕ್ ಕಾರಿನಲ್ಲಿ ಗೇರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸ್ಟಾರ್ಟರಿಗೆ ವಿದ್ಯುತ್ತೇ ಹರಿಯದು.

ಎಂಜಿನ್ ತಿರುಗಿಯೂ ಹಿಡಿಯದಿದ್ದರೆ ಇಂಧನ ಪಂಪು, ಫ್ಯೂಸು, ಸ್ಪಾರ್ಕ್ ಪ್ಲಗ್, ಸೆನ್ಸರುಗಳನ್ನು ನೋಡಬೇಕು. ಕೀಲಿಯ ಚಿಪ್ಪನ್ನು ಗುರುತಿಸದ ಇಮ್ಮೊಬಿಲೈಸರ್ ಕೂಡ ಇಂಧನ ತಡೆಯಬಲ್ಲದು. ಟ್ಯಾಂಕು ಬರಿದಾದ ಡೀಸೆಲ್ ಗಾಡಿಯಲ್ಲಿ ಪೈಪಿಗೆ ಗಾಳಿ ಸೇರಿದ್ದರೆ ಡೀಸೆಲ್ ತುಂಬಿಸಿದರಷ್ಟೇ ಸಾಲದು, ಗಾಳಿಯನ್ನೂ ಹೊರದೂಡಬೇಕು.

ಹಳೆಯ ಅಂಬಾಸಿಡರ್‌ಗೆ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸುವ ದಾರಿಯಿತ್ತು. ಬ್ಯಾಟರಿ ಸೋತಾಗ ಮ್ಯಾನ್ಯುಯಲ್ ಗೇರಿನ ಕಾರನ್ನು ಇಂದಿಗೂ ತಳ್ಳಿ ಸ್ಟಾರ್ಟ್ ಮಾಡುವುದುಂಟು. ಆಟೊಮ್ಯಾಟಿಕ್‌ಗೆ ಈ ಉಪಾಯ ಸಲ್ಲದು. ಇನ್ನೊಂದು ಕಾರಿನಿಂದ ಜಂಪ್ ಕೇಬಲ್ ಎಳೆಯುವಾಗ ಕೊನೆಯ ಕ್ಲಿಪ್ಪನ್ನು ಸೋತ ಬ್ಯಾಟರಿಗೆ ಕಚ್ಚಿಸದೆ, ಅದರಿಂದ ದೂರದಲ್ಲಿ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸುತ್ತಾರೆ. ಬ್ಯಾಟರಿಯಿಂದ ಹೊಮ್ಮುವ ಜಲಜನಕಕ್ಕೆ ಒಂದು ಕಿಡಿ ತಗುಲಿದರೂ ಅದು ಸಿಡಿಯಬಹುದು.