ಗಾಳಿಯಲ್ಲಿನ ಬೆಂಜೀನ್ ಅಳತೆ ಮತ್ತು ಅಯಾನುಗಳ ಉಷ್ಣರಸಾಯನ

ಭಾರತದ ರಾಷ್ಟ್ರೀಯ ವಾಯು ಗುಣಮಟ್ಟ ಮಾನಕಗಳು 2009ರ ನವೆಂಬರ್‌ನಲ್ಲಿ ಪರಿಷ್ಕರಣೆಯಾದಾಗ ಬೆಂಜೀನ್‌ಗೆ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಎಂಬ ಮಿತಿ ಗೊತ್ತಾಯಿತು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇದು ಸುಮಾರು 1.6 ಪಿಪಿಬಿ. ನೂರು ಕೋಟಿ ಗಾಳಿಯ ಅಣುಗಳಲ್ಲಿ ಬೆಂಜೀನಿನದು ಒಂದೋ ಎರಡೋ ಇದ್ದರೆ ಅದೇ ಮಿತಿ. ಮಾನಕದಲ್ಲಿ ಹೇಳಿರುವ ವಿಧಾನಗಳು ಗ್ಯಾಸ್ ಕ್ರೊಮ್ಯಾಟೋಗ್ರಫಿಯನ್ನು ಆಧರಿಸಿದವು: ಗಾಳಿಯನ್ನು ಹೀರುಕದ ಮೇಲೆ ಹಿಡಿದು, ಬಿಡಿಸಿ, ಘಟಕಗಳನ್ನು ಬೇರ್ಪಡಿಸಿ ಅಳೆಯುವುದು. ಇದು ನಂಬಿಕೆಯ ದಾರಿಯೇ, ಆದರೆ ನಿಧಾನ. ಸಿಗ್ನಲ್‌ನಲ್ಲಿ ಬಸ್ಸು ನಿಂತು ಹೊರಡುವಷ್ಟರಲ್ಲಿ ಗಾಳಿಯಲ್ಲಿ ಆಗುವ ಏರಿಳಿತ ಅದಕ್ಕೆ ಸಿಕ್ಕುವುದಿಲ್ಲ.

ಸೆಕೆಂಡು ಸೆಕೆಂಡಿಗೂ ಅಂಕಿ ಕೊಡುವ ಉಪಕರಣ 1990ರ ದಶಕದಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದಲ್ಲಿ ವೆರ್ನರ್ ಲಿಂಡಿಂಗರ್ ಮತ್ತು ಸಂಗಡಿಗರ ಕೈಯಲ್ಲಿ ರೂಪುಗೊಂಡಿತು. ಅದೇ ಪ್ರೋಟಾನ್ ವರ್ಗಾವಣೆ ಮಾಸ್ ಸ್ಪೆಕ್ಟ್ರೋಮೀಟರ್. ಇಂದು ಇದು ಭಾರತದಲ್ಲೂ ಬಳಕೆಯಲ್ಲಿದೆ. ಮೊಹಾಲಿಯ ಐಸರ್ ಸಂಸ್ಥೆಯಿಂದ ಬಂದ ಉತ್ತರ ಭಾರತದ ಗಾಳಿಯ ಅಧ್ಯಯನಗಳಿಗೆ ಇದೇ ಆಧಾರ. ಈ ಉಪಕರಣ ತೋರಿಸುವ ಪ್ರತಿ ಪಿಪಿಬಿಯ ಹಿಂದೆಯೂ ಅಯಾನುಗಳ ಉಷ್ಣರಸಾಯನದ ಒಂದು ಊಹೆ ಇದೆ. ಆ ಊಹೆಯನ್ನು ಪರೀಕ್ಷಿಸದೆ ಅಂಕಿಯನ್ನು ಒಪ್ಪಬಾರದು ಎಂಬುದು ಈ ಲೇಖನದ ವಾದ.

ಹಳೆಯ ಮಾಸ್ ಸ್ಪೆಕ್ಟ್ರೋಮೀಟರ್‌ಗಳಲ್ಲಿ ಅಣುವಿಗೆ 70 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನಿನಿಂದ ಹೊಡೆಯುವುದು ರೂಢಿ. ಬೆಂಜೀನಿನ ಅಯಾನೀಕರಣಕ್ಕೆ ಬೇಕಾದ್ದು 9.24 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಮಿಕ್ಕ ಶಕ್ತಿಯ ಒಂದು ಪಾಲು ಅಣುವನ್ನೇ ಒಡೆಯುತ್ತದೆ; ಅಷ್ಟು ಸಾಲದು ಎಂಬಂತೆ ನೈಟ್ರೋಜನ್ ಮತ್ತು ಆಕ್ಸಿಜನ್‌ಗಳೂ ಅಯಾನುಗಳಾಗಿ ಸಂಕೇತವನ್ನು ಮುಳುಗಿಸಿಬಿಡುತ್ತವೆ. 1966ರಲ್ಲಿ ಅಮೆರಿಕದ ಮನ್ಸನ್ ಮತ್ತು ಫೀಲ್ಡ್ ಬೇರೊಂದು ದಾರಿ ತೋರಿಸಿದರು: ಮೊದಲು ಮೀಥೇನ್‌ನಂಥ ಅನಿಲದಿಂದ ಅಯಾನುಗಳನ್ನು ಮಾಡಿಕೊಳ್ಳಿ, ಅವು ಮಾದರಿಯ ಅಣುವಿಗೆ ಪ್ರೋಟಾನ್ ಕೊಡಲಿ. ರಾಸಾಯನಿಕ ಅಯಾನೀಕರಣ ಎಂದು ಹೆಸರಾದ ಈ ವಿಧಾನದಲ್ಲಿ ಎಷ್ಟು ಶಕ್ತಿ ಹರಿಯಬೇಕೆಂಬುದು ಕಾರಕ ಅಯಾನಿನ ಆಯ್ಕೆಯಿಂದಲೇ ತೀರ್ಮಾನವಾಗುತ್ತದೆ. ಲಿಂಡಿಂಗರ್ ತಂಡ ಆರಿಸಿಕೊಂಡದ್ದು ನೀರಾವಿಯಿಂದ ಹುಟ್ಟುವ ಹೈಡ್ರೋನಿಯಂ ಅಯಾನನ್ನು.

ಈ ಆಯ್ಕೆಯ ಜಾಣ್ಮೆ ತಿಳಿಯಲು ಪ್ರೋಟಾನ್ ಒಲವಿನ ಏಣಿಯನ್ನು ನೋಡಬೇಕು. ಒಂದು ಅಣು ಅನಿಲ ಸ್ಥಿತಿಯಲ್ಲಿ ಪ್ರೋಟಾನನ್ನು ತೆಗೆದುಕೊಂಡಾಗ ಹೊರಬೀಳುವ ಶಾಖವೇ ಅದರ ಪ್ರೋಟಾನ್ ಒಲವು. ಪ್ರತಿ ಮೋಲ್‌ಗೆ ಕಿಲೋಜೂಲ್ ಲೆಕ್ಕದಲ್ಲಿ ಹೇಳುವುದಾದರೆ ಆಕ್ಸಿಜನ್ 421, ನೈಟ್ರೋಜನ್ 494, ಕಾರ್ಬನ್ ಡೈಆಕ್ಸೈಡ್ 541, ಮೀಥೇನ್ 544, ನೀರು 691. ಗಾಳಿಯ ಮುಖ್ಯ ಘಟಕಗಳೆಲ್ಲ ನೀರಿಗಿಂತ ಕೆಳಗಿನ ಮೆಟ್ಟಿಲುಗಳಲ್ಲೇ ಉಳಿದವು. ಹೈಡ್ರೋನಿಯಂನಿಂದ ಪ್ರೋಟಾನ್ ಕಿತ್ತುಕೊಳ್ಳುವ ಶಕ್ತಿ ಅವಕ್ಕಿಲ್ಲ. ನೀರಿನ ಮೇಲೆ ಬೆಂಜೀನ್ 750, ಮೆಥನಾಲ್ 754, ಟಾಲ್ವೀನ್ 784, ಅಸಿಟೋನ್ 812, ಅಮೋನಿಯ 854. ಹೀಗಾಗಿ ಇಡೀ ಗಾಳಿಯನ್ನು ನೇರವಾಗಿ ಒಳಗೆ ಬಿಟ್ಟರೂ ಪ್ರೋಟಾನ್ ಹೋಗುವುದು ಮಾಲಿನ್ಯಕಾರಕಗಳಿಗೆ. ಪ್ರೋಟಾನ್ ಪಡೆದ ಬೆಂಜೀನ್ ದ್ರವ್ಯರಾಶಿ 79ರಲ್ಲಿ, ಟಾಲ್ವೀನ್ 93ರಲ್ಲಿ ಕಾಣಿಸಿಕೊಳ್ಳುತ್ತದೆ. ಬೇರ್ಪಡಿಸುವ ಕೆಲಸವನ್ನು ಕ್ರೊಮ್ಯಾಟೋಗ್ರಫಿಯ ಕಾಲಮ್ಮಿನ ಬದಲು ಉಷ್ಣರಸಾಯನವೇ ಮಾಡಿತು.

ಈ ಸಂಖ್ಯೆಗಳು ಬಂದದ್ದೂ ಮಾಸ್ ಸ್ಪೆಕ್ಟ್ರೋಮೀಟರಿನಿಂದಲೇ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಪಾಲ್ ಕೆಬಾರ್ಲೆ 1960ರ ದಶಕದಿಂದ ಅಧಿಕ ಒತ್ತಡದ ಅಯಾನು ಮೂಲಗಳನ್ನು ಬಳಸಿ ಎರಡು ಅಣುಗಳ ನಡುವೆ ಪ್ರೋಟಾನ್ ಹಂಚಿಕೆ ಸಮತೋಲಕ್ಕೆ ಬರುವಷ್ಟು ಕಾಲ ಅಯಾನುಗಳನ್ನು ಉಳಿಸಿಕೊಂಡರು. ಸಮತೋಲಾಂಕವನ್ನು ಬೇರೆ ಬೇರೆ ಉಷ್ಣತೆಗಳಲ್ಲಿ ಅಳೆದರೆ ಎಂಥಾಲ್ಪಿ, ಎಂಟ್ರೊಪಿ ಎರಡೂ ಸಿಗುತ್ತವೆ. 1977ರಲ್ಲಿ ಕುಕ್ಸ್ ಮತ್ತು ಕ್ರೂಗರ್ ಇನ್ನೂ ಸರಳವಾದ ಉಪಾಯ ಮಂಡಿಸಿದರು: ಎರಡು ಅಣುಗಳನ್ನು ಒಂದೇ ಪ್ರೋಟಾನಿನಿಂದ ಕಟ್ಟಿ, ಆ ಜೋಡಿ ಒಡೆಯುವಾಗ ಪ್ರೋಟಾನ್ ಯಾರ ಪಾಲಿಗೆ ಎಷ್ಟು ಹೋಯಿತೆಂದು ನೋಡುವುದು. ಇಂಥ ಮೂಲಗಳಿಂದ ಬಂದ ಸಾವಿರಾರು ಅಳತೆಗಳನ್ನು ಹಂಟರ್ ಮತ್ತು ಲಿಯಾಸ್ 1998ರಲ್ಲಿ ತೂಗಿ ನೋಡಿ ಪಟ್ಟಿ ಮಾಡಿದರು. ಇಂದಿಗೂ ಎಲ್ಲರೂ ತೆರೆಯುವುದು ಆ ಪಟ್ಟಿಯನ್ನೇ. ಸಮತೋಲದಿಂದ ದೊರೆಯುವುದು ಎರಡು ಅಣುಗಳ ನಡುವಿನ ವ್ಯತ್ಯಾಸ ಮಾತ್ರ. ಇಡೀ ಏಣಿಯನ್ನು ಎಲ್ಲೋ ಒಂದು ಕಡೆ ಗಟ್ಟಿಯಾಗಿ ಊರಬೇಕಾಗುತ್ತದೆ ಎಂಬುದನ್ನು ಪಟ್ಟಿ ಬಳಸುವವರು ಮರೆಯುವುದುಂಟು.

ಈಗ ಉಪಕರಣದ ಒಳಗೆ ಹೋಗೋಣ. ಹೈಡ್ರೋನಿಯಂ ಗಾಳಿಯ ಅಣುಗಳನ್ನು ಸಂಧಿಸುವ ಡ್ರಿಫ್ಟ್ ನಳಿಕೆ ಸುಮಾರು 9ರಿಂದ 10 ಸೆಂಟಿಮೀಟರ್ ಉದ್ದ; ಒತ್ತಡ ಎರಡು ಮಿಲಿಬಾರ್‌ಗಿಂತ ಸ್ವಲ್ಪ ಹೆಚ್ಚು; ತುದಿಯಿಂದ ತುದಿಗೆ ಸುಮಾರು 600 ವೋಲ್ಟ್. ಅಯಾನು ಅದನ್ನು ದಾಟಲು ಹಿಡಿಯುವ ಕಾಲ ಸುಮಾರು 100 ಮೈಕ್ರೋಸೆಕೆಂಡ್. ಬೆಂಜೀನ್ ಮತ್ತು ಹೈಡ್ರೋನಿಯಂ ನಡುವಿನ ಕ್ರಿಯೆಯಲ್ಲಿ ಸುಮಾರು 59 ಕಿಲೋಜೂಲ್ ಇಳಿಜಾರು ಇದೆ. ಇಷ್ಟಿದ್ದರೆ ಹೆಚ್ಚುಕಡಿಮೆ ಪ್ರತಿ ಡಿಕ್ಕಿಯಲ್ಲೂ ಪ್ರೋಟಾನ್ ಕೈಬದಲಾಗುತ್ತದೆ. ಈ ಕ್ರಿಯೆಯ ವೇಗಾಂಕವನ್ನೂ ದಾಟುವ ಕಾಲವನ್ನೂ ಗುಣಿಸಿದರೆ, ಒಂದು ಪಿಪಿಬಿ ಬೆಂಜೀನ್ ಇದ್ದಾಗ ಪ್ರತಿ ಲಕ್ಷ ಹೈಡ್ರೋನಿಯಂನಲ್ಲಿ ಒಂದು ಮಾತ್ರ ಬೆಂಜೀನಿಗೆ ಪ್ರೋಟಾನ್ ಒಪ್ಪಿಸಿರುತ್ತದೆ. ಸೆಕೆಂಡಿಗೆ 10 ಲಕ್ಷ ಹೈಡ್ರೋನಿಯಂ ಎಣಿಸುವ ಯಂತ್ರದಲ್ಲಿ 79ರ ಎಣಿಕೆ ಹತ್ತರ ಆಸುಪಾಸು. ಕಾನೂನಿನ ಮಿತಿಯಷ್ಟು ಬೆಂಜೀನ್ ಇದ್ದರೆ ಹದಿನೈದು, ಹದಿನಾರು. ಹೈಡ್ರೋನಿಯಂ ಪ್ರವಾಹ ಎಷ್ಟು ದೊಡ್ಡದೆಂದರೆ ಅದನ್ನು 19ರಲ್ಲಿ ನೇರ ಎಣಿಸಹೋದರೆ ಪತ್ತೆಕ ಸೋಲುತ್ತದೆ. ಆದ್ದರಿಂದ ಆಕ್ಸಿಜನ್-18 ಇರುವ ಅಪರೂಪದ ಅಯಾನನ್ನು 21ರಲ್ಲಿ ಎಣಿಸಿ, ಸುಮಾರು 500ರಿಂದ ಗುಣಿಸುತ್ತಾರೆ.

ಇಷ್ಟು ಅಚ್ಚುಕಟ್ಟಾದ ಚಿತ್ರ ಕೆಡುವುದು ನೀರಿನಿಂದಲೇ. ಹೈಡ್ರೋನಿಯಂ ಇನ್ನೊಂದು ನೀರಿನ ಅಣುವನ್ನು ಅಂಟಿಸಿಕೊಂಡು ಜಲಗುಚ್ಛವಾಗುತ್ತದೆ. ಈ ಬಂಧದ ಬಲವನ್ನು ಮೊದಲು ಕ್ರಮವಾಗಿ ಅಳೆದವರಲ್ಲಿ ಕೆಬಾರ್ಲೆ ಅವರೂ ಒಬ್ಬರು. ಜೋಡಿ ನೀರಿನ ಪ್ರೋಟಾನ್ ಒಲವು ಸುಮಾರು 808 ಕಿಲೋಜೂಲ್. ಬೆಂಜೀನಿನದು 750. ಒಂಟಿ ಹೈಡ್ರೋನಿಯಂ ಎದುರು 59 ಕಿಲೋಜೂಲ್ ಇಳಿಜಾರಾಗಿದ್ದ ಕ್ರಿಯೆ ಗುಚ್ಛದ ಎದುರು ಸುಮಾರು 58 ಕಿಲೋಜೂಲ್ ಏರಾಗುತ್ತದೆ. ಎರಡು ನೀರಿನ ಅಣುಗಳು ಬೇರೆ ಬೇರೆಯಾಗಿ ಹೊರಬಿದ್ದರೆ ಏರು ಇನ್ನೂ ಕಡಿದು. ಬೆಂಜೀನ್ ಅಲ್ಲೇ ಇದ್ದರೂ ಯಂತ್ರಕ್ಕೆ ಕಾಣುವುದಿಲ್ಲ. ಅಸಿಟೋನಿಗೆ ಮಾತ್ರ ಗುಚ್ಛವಿದ್ದರೂ ಚಿಂತೆಯಿಲ್ಲ. ಗಾಳಿಯ ತೇವ ಏರಿದಂತೆ ಎರಡು ಮಾಲಿನ್ಯಕಾರಕಗಳು ಎರಡು ಬಗೆಯಲ್ಲಿ ವರ್ತಿಸುವುದಕ್ಕೆ ಕಾರಣ ಇದು.

ಗುಚ್ಛಗಳನ್ನು ಒಡೆಯಲೆಂದೇ ಆ 600 ವೋಲ್ಟ್ ಇರುವುದು. ವಿದ್ಯುತ್ ಕ್ಷೇತ್ರವನ್ನು ಅಣುಸಾಂದ್ರತೆಯಿಂದ ಭಾಗಿಸಿದ ಅಳತೆಯನ್ನು ಟೌನ್‌ಸೆಂಡ್ ಎಂಬ ಮಾನದಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ ಬಳಸುವುದು 100ರಿಂದ 140. ಕ್ಷೇತ್ರ ಹೆಚ್ಚಿದಷ್ಟೂ ಡಿಕ್ಕಿಗಳು ಬಿರುಸಾಗಿ ಗುಚ್ಛಗಳು ಉದುರುತ್ತವೆ. ಆದರೆ ಬಿರುಸಿಗೂ ಬೆಲೆ ತೆರಬೇಕು. ಎಥೈಲ್‌ಬೆಂಜೀನ್ ಪ್ರೋಟಾನ್ ಪಡೆದು 107ರಲ್ಲಿ ಕಾಣಬೇಕಾದದ್ದು, ಡಿಕ್ಕಿಯ ರಭಸಕ್ಕೆ ಎಥಿಲೀನನ್ನು ಕಳಚಿಕೊಂಡು 79ಕ್ಕೆ ಇಳಿಯುತ್ತದೆ. ಅದು ಬೆಂಜೀನಿನ ಜಾಗ. ಪೆಟ್ರೋಲ್ ಹೊಗೆಯಲ್ಲಿ ಬೆಂಜೀನ್, ಟಾಲ್ವೀನ್, ಎಥೈಲ್‌ಬೆಂಜೀನ್, ಜೈಲೀನ್‌ಗಳು ಒಟ್ಟಿಗೇ ಬರುವುದರಿಂದ ರಸ್ತೆಬದಿಯಲ್ಲಿ ಈ ದೋಷ ತಪ್ಪದು. ಟಾಲ್ವೀನ್ ಮತ್ತು ಬೆಂಜೀನ್ ಅನುಪಾತ ನೋಡಿ ಮಾಲಿನ್ಯ ವಾಹನದ್ದೋ ಕಾರ್ಖಾನೆಯದ್ದೋ ಎಂದು ತೀರ್ಪು ಕೊಡುವ ಪ್ರಬಂಧಗಳು ಬಹಳ ಇವೆ. 79ರಲ್ಲಿ ಎಥೈಲ್‌ಬೆಂಜೀನಿನ ಚೂರು ಸೇರಿದ್ದರೆ ಆ ಅನುಪಾತ ಸುಳ್ಳಾಗಿ ಕಡಿಮೆ ಬರುತ್ತದೆ. ಚೂರಿನ ಸೂತ್ರವೂ ಪ್ರೋಟಾನ್ ಪಡೆದ ಬೆಂಜೀನಿನ ಸೂತ್ರವೂ ಒಂದೇ ಆದ್ದರಿಂದ ಎಷ್ಟೇ ಸೂಕ್ಷ್ಮವಾಗಿ ದ್ರವ್ಯರಾಶಿ ಅಳೆಯುವ ಯಂತ್ರ ತಂದರೂ ಇಲ್ಲಿ ಉಪಯೋಗವಿಲ್ಲ. 69ರಲ್ಲಿ ಐಸೊಪ್ರೀನ್ ಮತ್ತು ಫ್ಯೂರಾನ್ ಬೆರೆತ ತೊಡಕನ್ನು ಅಂಥ ಸೂಕ್ಷ್ಮ ಅಳತೆಯ ಹಾರಾಟ ಕಾಲದ ಯಂತ್ರ ಬಿಡಿಸಿಕೊಡುತ್ತದೆ. 79ರ ತೊಡಕನ್ನು ಬಿಡಿಸುವುದು ಕ್ಷೇತ್ರದ ಆಯ್ಕೆ ಮತ್ತು ಕ್ರೊಮ್ಯಾಟೋಗ್ರಫಿಯ ಜತೆಗಿನ ಹೋಲಿಕೆ ಮಾತ್ರ.

ಫಾರ್ಮಾಲ್ಡಿಹೈಡ್‌ನದು ಇದಕ್ಕಿಂತ ನಾಜೂಕಿನ ಪ್ರಸಂಗ. ಅದರ ಪ್ರೋಟಾನ್ ಒಲವು 713, ನೀರಿಗಿಂತ ಬರೀ 22 ಕಿಲೋಜೂಲ್ ಹೆಚ್ಚು. ಕ್ಷೇತ್ರದಿಂದ ಬಿಸಿಯೇರಿದ ಅಯಾನುಗಳಿಗೆ ಅಷ್ಟು ಎತ್ತರ ದೊಡ್ಡದಲ್ಲ; ಫಾರ್ಮಾಲ್ಡಿಹೈಡ್ ಪಡೆದ ಪ್ರೋಟಾನನ್ನು ಸುತ್ತಲಿನ ನೀರಾವಿ ವಾಪಸು ಕಿತ್ತುಕೊಳ್ಳುತ್ತದೆ. ತೇವ ಹೆಚ್ಚಿದಷ್ಟೂ ಅದರ ಸಂಕೇತ ಕುಗ್ಗುತ್ತದೆ. ಒಂದೇ ಕೋಣೆಯ ಗಾಳಿಯನ್ನು ಬೇಸಿಗೆಯಲ್ಲೂ ಮಳೆಗಾಲದಲ್ಲೂ ಒಂದೇ ಗುಣಕ ಹಾಕಿ ಅಳೆದವರು ಫಾರ್ಮಾಲ್ಡಿಹೈಡಿನ ಬದಲು ಹವಾಮಾನವನ್ನೇ ಅಳೆದಂತಾಗುತ್ತದೆ.

ಏಣಿಯ ಕೆಳಗೆ ಉಳಿದವು ಕಾಣುವುದೇ ಇಲ್ಲ ಎಂಬ ಮಿತಿಯೂ ಇದೆ. ಪ್ರೋಪೇನ್ 626, ಎಥಿಲೀನ್ 681. ಬ್ಯೂಟೇನೂ ಹೈಡ್ರೋನಿಯಂನಿಂದ ಪ್ರೋಟಾನ್ ತೆಗೆದುಕೊಳ್ಳದು. ಬೆಂಗಳೂರಿನ ಆಟೋರಿಕ್ಷಾಗಳಲ್ಲಿ ಎಲ್‌ಪಿಜಿ ಬಳಕೆ ವ್ಯಾಪಕ, ಎಲ್‌ಪಿಜಿ ಎಂದರೆ ಪ್ರೋಪೇನ್ ಮತ್ತು ಬ್ಯೂಟೇನ್. ಉರಿಯದೆ ಹೊರಬಿದ್ದ ಆ ಅನಿಲಗಳು ಈ ಯಂತ್ರದ ಪಟ್ಟಿಯಲ್ಲಿ ಇರುವುದಿಲ್ಲ. ಅಳತೆ ಶೂನ್ಯ ಎಂದ ಮಾತ್ರಕ್ಕೆ ಗಾಳಿಯಲ್ಲಿ ಇಲ್ಲ ಎಂದಲ್ಲ.

ಕರ್ನಾಟಕದ ಮಟ್ಟಿಗೆ ಈ ಚರ್ಚೆ ಬರಿಯ ಸಿದ್ಧಾಂತವಲ್ಲ. ಪ್ಯಾರಾಜೈಲೀನ್ ಮತ್ತು ಬೆಂಜೀನ್ ತಯಾರಿಸುವ ದೊಡ್ಡ ಘಟಕ ಇರುವುದು ಮಂಗಳೂರಿನಲ್ಲಿ. ಅಲ್ಲಿನ ಮಳೆಗಾಲದ ತೇವವೂ ಕಲಬುರಗಿಯ ಬೇಸಿಗೆಯ ಒಣಹವೆಯೂ ಜಲಗುಚ್ಛಗಳ ಲೆಕ್ಕದಲ್ಲಿ ಎರಡು ಬೇರೆ ಲೋಕಗಳು. ಒಣ ಗಾಳಿಯಲ್ಲಿ ಮಾಪನಾಂಕ ಮಾಡಿದ ಯಂತ್ರವನ್ನು ಹಾಗೆಯೇ ಕರಾವಳಿಗೆ ಒಯ್ದರೆ ಬೆಂಜೀನ್ ಕಡಿಮೆ ತೋರುವ ಅಪಾಯವಿದೆ. ಅದೇ ಯಂತ್ರವನ್ನು ಬಿರುಸು ಕ್ಷೇತ್ರದಲ್ಲಿ ನಡೆಸಿದರೆ ಎಥೈಲ್‌ಬೆಂಜೀನಿನಿಂದಾಗಿ ಹೆಚ್ಚು ತೋರುವ ಅಪಾಯ. ಎರಡು ದೋಷಗಳು ಒಂದನ್ನೊಂದು ಸರಿದೂಗಿಸಿ ಸರಿಯಾದ ಅಂಕಿ ಬಂದೀತೆಂದು ಕಾಯುವುದು ವಿಜ್ಞಾನವಲ್ಲ.

ಆದ್ದರಿಂದ ಈ ವಿಧಾನದಿಂದ ಬಂದ ಬೆಂಜೀನ್ ಅಂಕಿಗಳನ್ನು ಪ್ರಕಟಿಸುವ ಸಂಶೋಧಕರು ಡ್ರಿಫ್ಟ್ ಕ್ಷೇತ್ರ ಎಷ್ಟು ಟೌನ್‌ಸೆಂಡ್ ಎಂಬುದನ್ನೂ, ಹೈಡ್ರೋನಿಯಂಗೆ ಹೋಲಿಸಿದರೆ 37ರಲ್ಲಿ ಕಾಣುವ ಜಲಗುಚ್ಛ ಎಷ್ಟಿತ್ತು ಎಂಬುದನ್ನೂ, ಮಾಪನಾಂಕವನ್ನು ಯಾವ ಆರ್ದ್ರತೆಯಲ್ಲಿ ಮಾಡಲಾಯಿತು ಎಂಬುದನ್ನೂ ಫಲಿತಾಂಶದ ಕೋಷ್ಟಕದಲ್ಲೇ ಕೊಡಬೇಕು. ಇವಿಲ್ಲದ ಅಂಕಿಗಳನ್ನು 5 ಮೈಕ್ರೋಗ್ರಾಂ ಮಿತಿಯ ಪಕ್ಕದಲ್ಲಿಟ್ಟು ಹೋಲಿಸುವುದನ್ನು ನಿಯಂತ್ರಣ ಮಂಡಳಿಗಳೂ ಪತ್ರಿಕಾ ಸಂಪಾದಕರೂ ಒಪ್ಪಬಾರದು.