ವಿಡಿಯೋ ಆಟದ ಯಂತ್ರಗಳು: ಬೆಲೆಯೂ ಗ್ರಾಹಕನ ವಿವೇಕವೂ

ಬೆಲೆಗೂ ಕೊಳ್ಳುವವನ ಆಯ್ಕೆಗೂ ಇರುವ ಸಂಬಂಧವನ್ನು ಅರ್ಥಶಾಸ್ತ್ರಜ್ಞರು ಸಾಮಾನ್ಯವಾಗಿ ಧಾನ್ಯ ವಸ್ತ್ರಾದಿಗಳ ನಿದರ್ಶನದಿಂದಲೇ ವಿವರಿಸುತ್ತ ಬಂದಿದ್ದಾರೆ. ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರಗಳ ಚರಿತ್ರೆಯೂ ಈ ವಿಚಾರದಲ್ಲಿ ಅಷ್ಟೇ ಬೋಧಪ್ರದವಾದುದು. ಹೈದರಾಬಾದಿನ ಪೂರ್ವದಿಕ್ಕಿನಲ್ಲಿರುವ ಉಪ್ಪಲ್, ಕೈಗಾರಿಕಾ ಪ್ರದೇಶವನ್ನೂ ಸಮೀಪದಲ್ಲಿ ರಾಷ್ಟ್ರೀಯ ಸಂಶೋಧನಾಲಯಗಳನ್ನೂ ಉಳ್ಳ, ತಿಂಗಳ ಸಂಬಳವನ್ನು ನಂಬಿದ ಕುಟುಂಬಗಳು ಬಹುವಾಗಿ ನೆಲಸಿರುವ ಸ್ಥಳ. ಇಂಥ ಮನೆಗಳಲ್ಲಿ ಆಟದ ಯಂತ್ರವು ಮಕ್ಕಳ ಹಂಬಲಕ್ಕೆ ಮಾತ್ರವಲ್ಲದೆ ಹಿರಿಯರ ಲೆಕ್ಕಾಚಾರಕ್ಕೂ ಒಳಪಟ್ಟ ವಸ್ತುವಾಗಿದೆ.

ಜಪಾನಿನ ನಿಂಟೆಂಡೊ ಸಂಸ್ಥೆ 1983ರ ಜುಲೈ 15ರಂದು ತನ್ನ ಫ್ಯಾಮಿಕಾಮ್ ಯಂತ್ರವನ್ನು 14,800 ಯೆನ್ನಿಗೆ ಮಾರಾಟಕ್ಕೆ ತಂದಿತು. ಭಾರತದಲ್ಲಿ ಆಗ ಗ್ರಾಹಕ ವಸ್ತುಗಳ ಆಮದು ಕಠಿನ ನಿರ್ಬಂಧಕ್ಕೆ ಒಳಪಟ್ಟಿತ್ತು. ಇಂಥ ಪರಿಮಾಣ ನಿರ್ಬಂಧಗಳಲ್ಲಿ ಕಡೆಯವು ತೊಲಗಿದ್ದು 2001ರ ಏಪ್ರಿಲ್ 1ರಂದು. ನಡುವಣ ತೆರಪನ್ನು ತುಂಬಿದುವು ಅದೇ ಯಂತ್ರದ ಅಗ್ಗದ ಅನುಕರಣಗಳು. ಕೋಠಿಯ ಗುಜರಾತಿ ಗಲ್ಲಿಯಂಥ ವಿದ್ಯುತ್ ಸಾಮಾನುಗಳ ಪೇಟೆಗಳೇ ಇವುಗಳ ನೆಲೆ. ಒಂದೇ ಕ್ಯಾಸೆಟ್ಟಿನಲ್ಲಿ ಸಹಸ್ರಾರು ಆಟಗಳಿವೆಯೆಂದು ಹಣೆಪಟ್ಟಿ ಸಾರುತ್ತಿದ್ದಿತು. ಒಳಗೆ ಇದ್ದುವು ಕೆಲವೇ, ಉಳಿದುವು ಅವುಗಳ ಪುನರಾವೃತ್ತಿ. ಆದರೂ ಜನ ಅದನ್ನೇ ಕೊಂಡರು. ಇದನ್ನು ಅಭಿರುಚಿಯ ಕೊರತೆಯೆಂದು ಎಣಿಸುವುದು ಅನ್ಯಾಯ. ಯಂತ್ರದ ಬೆಲೆ ಒಂದು ಸಲ ತೆರುವಂಥದು, ಆಟಗಳ ಬೆಲೆ ಮತ್ತೆ ಮತ್ತೆ ತೆರುವಂಥದು. ಈ ಎರಡನೆಯ ಭಾರವನ್ನು ಇಳಿಸಿದುದೇ ಆ ಕ್ಯಾಸೆಟ್ಟಿನ ನಿಜವಾದ ಆಕರ್ಷಣೆ.

ಅಮೆರಿಕದಲ್ಲಿ 1995ರಲ್ಲಿ ಸೆಗಾ ಸಂಸ್ಥೆಯ ಸ್ಯಾಟರ್ನ್ ಯಂತ್ರಕ್ಕೆ 399 ಡಾಲರೂ ಸೋನಿಯ ಪ್ಲೇಸ್ಟೇಷನ್ನಿಗೆ 299 ಡಾಲರೂ ನಿಗದಿಯಾದಾಗ, ಆ ನೂರು ಡಾಲರಿನ ಅಂತರ ಸೋನಿಯ ಗೆಲುವಿಗೆ ಬಹುಮಟ್ಟಿಗೆ ನೆರವಾಯಿತು. ಅಲ್ಲಿ ಸ್ಪರ್ಧೆ ಎರಡು ಹೊಸ ಯಂತ್ರಗಳ ನಡುವೆ. ಭಾರತದಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆ. 2006ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಇಲ್ಲಿ 19,990 ರೂಪಾಯಿಗಳ ಆರಂಭದ ಬೆಲೆಗೆ ಬಂದಿತು. 2007ರ ಏಪ್ರಿಲಿನಲ್ಲಿ ಪ್ಲೇಸ್ಟೇಷನ್ 3 ಬಂದಾಗ ಅದರ ಬೆಲೆ 39,990 ರೂಪಾಯಿ. ಅಮೆರಿಕದಲ್ಲಿ ಇದರ ಮೇಲ್ದರ್ಜೆಯ ಮಾದರಿಯ ಬೆಲೆ 599 ಡಾಲರು, ಎಂದರೆ ಅಂದಿನ ವಿನಿಮಯದರದಲ್ಲಿ ಸುಮಾರು 25,000 ರೂಪಾಯಿ. ಆದಾಯ ಕಡಿಮೆಯಿರುವ ದೇಶದಲ್ಲಿ ಬೆಲೆ ಹೆಚ್ಚು. ಹೀಗಾಗಿ 2000ದಲ್ಲಿ ಹುಟ್ಟಿದ ಪ್ಲೇಸ್ಟೇಷನ್ 2 ಇಲ್ಲಿ ಬಹುಕಾಲ ಬಾಳಿತು. ನಕಲು ಡಿಸ್ಕುಗಳನ್ನು ಓದುವಂತೆ ಯಂತ್ರವನ್ನು ಮಾರ್ಪಡಿಸಿಕೊಳ್ಳುವ ರೂಢಿಯೂ ಬೆಳೆಯಿತು. ಅದು ಕಾನೂನಿಗೆ ವಿರುದ್ಧವೆಂಬುದರಲ್ಲಿ ಸಂದೇಹವಿಲ್ಲ. ಅದಕ್ಕೆ ಬೆಲೆಯೇ ಪ್ರೇರಣೆಯಾಯಿತೆಂಬುದೂ ಅಷ್ಟೇ ನಿಜ.

ತೆರಿಗೆಯ ನೀತಿಯೂ ಈ ಚರಿತ್ರೆಯ ಒಂದು ಅಂಗ. 2018ರ ಮುಂಗಡಪತ್ರದಲ್ಲಿ ಈ ಯಂತ್ರಗಳ ಆಮದು ಸುಂಕವು ನೂರಕ್ಕೆ 10ರಿಂದ 20ಕ್ಕೆ ಏರಿತು. 2019ರ ಜನವರಿ 1ರಿಂದ ಸರಕು ಮತ್ತು ಸೇವಾ ತೆರಿಗೆ 28ರಿಂದ 18ಕ್ಕೆ ಇಳಿಯಿತು. ಒಂದು ಕೈ ಕಸಿದುದನ್ನು ಇನ್ನೊಂದು ಕೈ ಅಂಶತಃ ಮರಳಿಸಿತು.

2021ರ ಫೆಬ್ರವರಿ 2ರಂದು ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಿತು. ಡಿಸ್ಕು ಓದುವ ಮಾದರಿಗೆ 49,990 ರೂಪಾಯಿ, ಓದದ ಮಾದರಿಗೆ 39,990. ಹೊಸ ದೊಡ್ಡ ಆಟವೊಂದಕ್ಕೆ 4,999. ಎಂದರೆ ಹತ್ತು ಆಟಗಳ ಬೆಲೆ ಯಂತ್ರದ ಬೆಲೆಗೆ ಸಮ. ಎರಡು ಮಾದರಿಗಳ ಅಂತರ ಎರಡೇ ಆಟಗಳಷ್ಟು. ಡಿಸ್ಕನ್ನು ಗೆಳೆಯರಿಂದ ಎರವಲು ತರಬಹುದು, ಆಡಿದ ಮೇಲೆ ಮಾರಬಹುದು. ಇನ್ನೊಂದು ಮಾದರಿಯಲ್ಲಿ ಆ ಸೌಕರ್ಯವಿಲ್ಲ. ಆದುದರಿಂದ ಅಗ್ಗವೆಂದು ಕಂಡುದು ಕಡೆಗೆ ದುಬಾರಿಯಾಗಬಹುದು. 2016ರ ತರುವಾಯ ಅಗ್ಗದ ಅಂತರ್ಜಾಲ ದೊರೆತಾಗ ಅನೇಕ ಮನೆಗಳು ಯಂತ್ರವನ್ನೇ ಬಿಟ್ಟು ಮೊಬೈಲಿಗೆ ಒಲಿದುದಕ್ಕೂ ಇದೇ ಗಣಿತ ಕಾರಣ: ಉಪಕರಣ ಮೊದಲೇ ಕೈಯಲ್ಲಿತ್ತು, ಆಟವನ್ನು ಆರಂಭಿಸಲು ಹಣ ಬೇಕಿರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಗ್ರಾಹಕನಿಗೆ ಹೇಳುವುದು ಸುಲಭ. ಅವನು ಅದನ್ನು ಪಾಲಿಸಿಯೇ ಇದ್ದಾನೆಂಬುದು ಈ ನಾಲ್ಕು ದಶಕಗಳ ಚರಿತ್ರೆಯಿಂದ ವ್ಯಕ್ತವಾಗುತ್ತದೆ. ಆದರೆ ಹಾಸಿಗೆಯ ಅಳತೆಯನ್ನು ನಿರ್ಧರಿಸಿದವರು ಸುಂಕ ವಿಧಿಸಿದವರೂ ದೂರದಲ್ಲಿ ಕುಳಿತು ಬೆಲೆ ಕಟ್ಟಿದವರೂ ಆಗಿದ್ದರು. ಒಂದು ತಲೆಮಾರಿನ ಬಾಲ್ಯಕ್ಕೆ ಯಾವ ಆಟಗಳು ಒದಗಿದುವು, ಯಾವುವು ಒದಗಲಿಲ್ಲ ಎಂಬುದನ್ನು ವಿವೇಚಿಸುವವರು ಮಕ್ಕಳ ರುಚಿಯನ್ನು ವಿಚಾರಿಸುವುದಕ್ಕೆ ಮುಂಚೆ ಈ ಲೆಕ್ಕವನ್ನು ಪರಿಶೀಲಿಸುವುದು ಯುಕ್ತ.