ತಾಯಿಗಾಗಿ ತಗ್ಗಿದ ದನಿ

ಮಗುವನ್ನು ತೊರೆದುಹೋದ ತಾಯಿಗಾಗಿ ಮಗನು ಹೇಗೆ ಶೋಕಿಸಬೇಕು? ಅಮೆರಿಕದ ಜಾನಪದ ಧಾಟಿಯ ಗೀತರಚನಕಾರ, ಗಾಯಕ ಸೂಫ್ಯಾನ್ ಸ್ಟೀವನ್ಸ್ ಅವರ ಸಂಗೀತದ ಚರಿತ್ರೆ ನಮ್ಮನ್ನು ಈ ಪ್ರಶ್ನೆಯ ಬಳಿಗೆ ಕರೆದೊಯ್ಯುತ್ತದೆ.

1975ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಜನಿಸಿದ ಅವರಿಗೆ ಒಂದು ವರ್ಷವಾಗಿದ್ದಾಗ ತಾಯಿ ಕ್ಯಾರಿ ಮನೆ ಬಿಟ್ಟು ಹೋದರು. ಮನೋರೋಗ, ಖಿನ್ನತೆ ಮತ್ತು ಮದ್ಯಪಾನದ ಚಟ ಆಕೆಯನ್ನು ಕಾಡುತ್ತಿದ್ದವು. ಮುಂದೆ ಆಕೆ ಲೋವೆಲ್ ಬ್ರಾಮ್ಸ್ ಎಂಬವರನ್ನು ವಿವಾಹವಾದರು. ಬಾಲಕನು ಕೆಲವು ಬೇಸಿಗೆ ರಜೆಗಳನ್ನು ಆರೆಗನ್ ರಾಜ್ಯದಲ್ಲಿ ಅವರೊಂದಿಗೆ ಕಳೆದನು. ಆ ವಿವಾಹವೂ ಮುರಿಯಿತು. ಮಲತಂದೆಯ ವಾತ್ಸಲ್ಯ ಮಾತ್ರ ಉಳಿಯಿತು. 1999ರಲ್ಲಿ ಅವರಿಬ್ಬರೂ ಸೇರಿ ಧ್ವನಿಮುದ್ರಣ ಸಂಸ್ಥೆಯೊಂದನ್ನು ಸ್ಥಾಪಿಸಿದರು.

ಶಾಲೆಯಲ್ಲಿ ಓಬೋ ಎಂಬ ಸುಷಿರವಾದ್ಯವನ್ನು ಕಲಿತ ಸ್ಟೀವನ್ಸ್ 2003ರ ‘ಮಿಷಿಗನ್’ ಗೀತಸಂಪುಟದಲ್ಲಿ ತಮ್ಮ ಹುಟ್ಟುನಾಡಿನ ಊರುಗಳನ್ನೂ ಕೆಲಸ ಕಳೆದುಕೊಂಡವರ ಬವಣೆಯನ್ನೂ ಹಾಡಿದರು. 2004ರ ‘ಸೆವೆನ್ ಸ್ವಾನ್ಸ್’ನಲ್ಲಿ ಬ್ಯಾಂಜೋ ತಂತಿಗಳ ಮೇಲೆ ಅಬ್ರಹಾಮನ ಕಥೆಯೂ ಪ್ರಭುವಿನ ರೂಪಾಂತರವೂ ಮೂಡಿದವು. ಅವರು ತಮ್ಮ ಕ್ರೈಸ್ತ ವಿಶ್ವಾಸವನ್ನು ಮರೆಮಾಚಲಿಲ್ಲ. ಹಾಡನ್ನು ಪ್ರಸಂಗವಾಗಿಸಲೂ ಇಲ್ಲ. 2005ರ ‘ಇಲಿನಾಯ್’ ಸಂಪುಟದಲ್ಲಿ ತುತ್ತೂರಿ, ಪಿಟೀಲು, ಗಾನವೃಂದಗಳು ಸೇರಿ ನಾದವು ಹಬ್ಬದ ಮೆರವಣಿಗೆಯಂತೆ ಬೆಳೆಯಿತು. 2010ರ ‘ದಿ ಏಜ್ ಆಫ್ ಆಡ್ಜ್’ನಲ್ಲಿ ವಿದ್ಯುನ್ಮಾನ ವಾದ್ಯಗಳ ಅಬ್ಬರ ತುಂಬಿತು, ಅದರ ಕೊನೆಯ ಗೀತೆಯೇ ಸುಮಾರು 25 ನಿಮಿಷಗಳಷ್ಟು ದೀರ್ಘವಾದುದು.

2012ರ ಡಿಸೆಂಬರ್‌ನಲ್ಲಿ ಕ್ಯಾರಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. ಅನಂತರ 2015ರಲ್ಲಿ ಬಂದ ‘ಕ್ಯಾರಿ ಅಂಡ್ ಲೋವೆಲ್’ ಸಂಪುಟದಲ್ಲಿ ಆ ಮೆರವಣಿಗೆ ಚದುರಿಹೋಗಿದೆ. ಅಲ್ಲಿ ಉಳಿದಿರುವುದು ಮುಖ್ಯವಾಗಿ ಗಿಟಾರಿನ ಮೆಲುನಾದ ಮತ್ತು ಪಿಸುಮಾತಿಗೆ ಸಮೀಪವಾದ ಕಂಠ. ಕೆಲವು ಭಾಗಗಳು ಹೋಟೆಲಿನ ಕೋಣೆಯಲ್ಲಿ ಮೊಬೈಲ್ ಫೋನಿನಿಂದಲೇ ಮುದ್ರಿತವಾದವು.

ಓದುಗರೇ, ಇದನ್ನು ಕೇವಲ ಶೈಲಿಯ ಬದಲಾವಣೆ ಎಂದು ತಿಳಿಯದಿರಿ. ತಾಯಿಯನ್ನು ಸರಿಯಾಗಿ ಅರಿಯುವ ಅವಕಾಶವೇ ಸಿಗದ ಮಗನ ನೆನಪುಗಳು ಅಲ್ಪ. ಆ ಅಲ್ಪವನ್ನು ಅವರು ವಾದ್ಯವೈಭವದಿಂದ ಹಿಗ್ಗಿಸಲಿಲ್ಲ. ಆಕೆಯನ್ನು ದೂಷಿಸಲಿಲ್ಲ, ದೇವತೆಯನ್ನಾಗಿಯೂ ಮಾಡಲಿಲ್ಲ. ತಮ್ಮ ಕೋಪವನ್ನೂ ಸಂದೇಹವನ್ನೂ ಅಡಗಿಸದೆ, ಕ್ಷಮೆಯನ್ನು ಮೆಲುದನಿಯಲ್ಲಿ ನುಡಿದರು.

2023ರ ‘ಜಾವೆಲಿನ್’ನಲ್ಲಿ ಗಿಟಾರಿನ ಸುತ್ತ ಗಾನವೃಂದದ ಸ್ವರಗಳು ಮತ್ತೆ ಕೂಡಿಕೊಂಡವು. ಅದೇ ವರ್ಷ ಅಗಲಿದ ತಮ್ಮ ಸಂಗಾತಿಗೆ ಅವರು ಅದನ್ನು ಅರ್ಪಿಸಿದರು.

ತಂದೆತಾಯಿಯರನ್ನು ಗೌರವಿಸಬೇಕೆಂಬ ಆಜ್ಞೆ ನಮಗೆಲ್ಲ ಬಾಯಿಪಾಠ. ನೋವು ಕೊಟ್ಟುಹೋದವರ ವಿಷಯದಲ್ಲಿ ಅದನ್ನು ಪಾಲಿಸುವುದು ಎಷ್ಟು ಕಠಿಣವೆಂದು ನಿಮ್ಮಲ್ಲಿ ಕೆಲವರು ಬಲ್ಲಿರಿ. ಅಂಥವರು ಒಂದು ಸಂಜೆ ಈ ಹಾಡುಗಳಿಗೆ ಕಿವಿಗೊಡಲಿ.